ಟೈಟಾನಿಯಂ ಹಾಳೆಯ ಮೇಲೊಂದು ಸುಕ್ಕು

ನಾನೊಂದು ಟೈಟಾನಿಯಂ ಹಾಳೆ. ಕೂದಲಿಗಿಂತ ತೆಳ್ಳಗಿದ್ದೇನೆಂದು ನಗಬೇಡಿ. ಉರುಳೆಗಳ ನಡುವೆ ಮತ್ತೆ ಮತ್ತೆ ಸಿಕ್ಕಿ ಚಪ್ಪಟೆಯಾಗಿ ಹುಟ್ಟಿದವಳು ನಾನು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸುರುಳಿಯಾಗಿ ಒಂದು ಲೇಸರ್ ಪ್ರಯೋಗಾಲಯಕ್ಕೆ ಬಂದೆ. ಅಲ್ಲಿ ನನ್ನನ್ನು ಉಕ್ಕಿನ ಚೌಕಟ್ಟಿಗೆ ಬಿಗಿದರು. ಬೆನ್ನ ಹಿಂದೆ ಗಾಳಿಯೇ ಇಲ್ಲದ ಪೆಟ್ಟಿಗೆ. ಅದರೊಳಗೆ ಎಲೆಕ್ಟ್ರಾನ್ ಉಗುಳುವ ಕ್ಯಾಥೋಡ್. ಎದುರಿಗೆ ಲಾರಿ ಟೈರಿನಷ್ಟು ಬಿಗಿಯಾಗಿ ತುಂಬಿದ ಅನಿಲ. ಎಲೆಕ್ಟ್ರಾನುಗಳು ನನ್ನನ್ನು ತೂರಿಹೋಗಿ ಅನಿಲವನ್ನು ಕೆಣಕುತ್ತವೆ, ಅನಿಲ ಬೆಳಕು ಕೊಡುತ್ತದೆ. ಬಂದವರೆಲ್ಲ ಬೆಳಕನ್ನು ಹೊಗಳುತ್ತಾರೆ. ನಡುವೆ ಸಿಕ್ಕಿದವಳನ್ನು ಯಾರು ಕೇಳುತ್ತಾರೆ?

ಹರಿದರೆ ನನಗೆ ಬಿಡುಗಡೆ. ಆದರೆ ಅನಿಲ ಒಳನುಗ್ಗಿ ಕ್ಯಾಥೋಡ್ ಪುಡಿಪುಡಿ. ಅದನ್ನು ತಂತ್ರಜ್ಞ ಪುಟ್ಟಮಾದಯ್ಯ ಒಂಬತ್ತು ತಿಂಗಳು ಕೂತು ಕೈಯಾರೆ ಕಟ್ಟಿದ್ದ.

ನನ್ನನ್ನು ಕೂರಿಸಿದ ದಿನ ಅವನು ರಜೆಯಲ್ಲಿದ್ದ. ಹೊಸ ವಿಜ್ಞಾನಿ ಹೃಷೀಕೇಶ ತಾನೇ ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಒಂದರ ಪಕ್ಕ ಒಂದರಂತೆ ಸುತ್ತ ಬಿಗಿದ. ಮೂಲೆಯಲ್ಲಿ ನನ್ನ ಮೈ ಸುಕ್ಕಾಯಿತು. ಎರಡು ದಿನ ಕಳೆದು ಬಂದ ಪುಟ್ಟಮಾದಯ್ಯ ಗಾಜಿನ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದ.

“ಸುತ್ತಾ ಬಿಗಿದ್ರಾ ಸಾ? ಎದುರುಬದುರು ಬಿಗೀಬೇಕು ಅಂತ ಬಾಯಿ ಬಡ್ಕೊಂಡಿವ್ನಲ್ಲಾ! ಮನೇಲಿ ಕುಕ್ಕರ್ ಗ್ಯಾಸ್ಕೆಟ್ಟಾದ್ರೂ ನೆಟ್ಟಗೆ ಹಾಕ್ತೀರಾ?”

“ಗೇಜ್ ಸರಿಯಾಗೇ ಇದೆಯಲ್ರೀ. ಮಧ್ಯಾಹ್ನ ಲೇಸರ್ ನೋಡೋಕೆ ಕಮಿಟಿ ಬರುತ್ತೆ. ಈಗ ಬಿಚ್ಚಿದ್ರೆ ಪೆಟ್ಟಿಗೆಯ ಗಾಳಿ ತೆಗೆಯೋಕೆ ಮತ್ತೆ ಎರಡು ದಿನ ಪಂಪ್ ಓಡಿಸ್ಬೇಕು.”

“ಕ್ಯಾಥೋಡ್ ಹೋದ್ರೆ ಕಮಿಟಿಯೋರು ಬಂದು ಕಟ್ಕೊಡ್ತಾರಾ?”

ಹೃಷೀಕೇಶ ಕಮಿಟಿಗೆ ಕುರ್ಚಿ ಜೋಡಿಸಲು ಹೊರಟ.

ಕಮಿಟಿ ಬಂತು. ಮೊದಲ ಸಲ ಬೆಳಕು ಚಿಮ್ಮಿದಾಗ ಚಪ್ಪಾಳೆ. ಎರಡನೆಯದಕ್ಕೆ ನನ್ನ ಸುಕ್ಕು ಕಾದು ಉರಿಯಿತು. ಮೂರನೆಯದಕ್ಕೆ ಸಣ್ಣಗೆ ಸೀಳು ಬಿಟ್ಟಿತು. ಪೂರ್ತಿ ಹರಿದುಬಿಡೋಣ ಎನಿಸಿತು. ಯಾರ ಮೇಲೂ ನನಗೆ ಕನಿಕರವಿರಲಿಲ್ಲ, ಇದ್ದದ್ದನ್ನೇ ಹೇಳುತ್ತೇನೆ.

“ಇನ್ನೊಂದು ಸಲ ತೋರಿಸಿ” ಎಂದರು ಅಧ್ಯಕ್ಷರು.

ಪುಟ್ಟಮಾದಯ್ಯ ಬೆಳಕು ನೋಡುತ್ತಿರಲಿಲ್ಲ. ಅವನ ಕಣ್ಣು ಪೆಟ್ಟಿಗೆಯೊಳಗಿನ ಒತ್ತಡ ತೋರಿಸುವ ಗೇಜಿನ ಮೇಲಿತ್ತು. ಮುಳ್ಳು ನಡುಗಿತು. ಅವನು ಯಾರನ್ನೂ ಕೇಳದೆ ವಾಲ್ವ್ ತಿರುಗಿಸಿ ಅನಿಲವನ್ನೆಲ್ಲ ಹೊರಗೆ ಬಿಟ್ಟ.

“ಯಾರ್ರೀ ಹೇಳಿದ್ದು ನಿಮಗೆ?” ಹೃಷೀಕೇಶ ಕಿರುಚಿದ.

“ಯಾರೂ ಹೇಳ್ನಿಲ್ಲ ಸಾ. ಮುಳ್ಳು ಹೇಳ್ತು.”

ಕಮಿಟಿ ಗೊಣಗುತ್ತಾ ಹೋಯಿತು. ಬಿಚ್ಚಿದಾಗ ಸುಕ್ಕಿನ ಉದ್ದಕ್ಕೂ ಉಗುರಿನಷ್ಟು ಸೀಳು ಕಂಡಿತು. ಕ್ಯಾಥೋಡ್ ಹಾಗೇ ಇತ್ತು. ಹೃಷೀಕೇಶ ಆ ಸೀಳಿನ ಮೇಲೆ ಬೆರಳಾಡಿಸಿ, ಸ್ಪ್ಯಾನರನ್ನು ಪುಟ್ಟಮಾದಯ್ಯನ ಕೈಗಿಟ್ಟ. “ಹೊಸದನ್ನ ನೀವೇ ಹಾಕಿ. ನಾನು ನೋಡಿ ಕಲೀತೀನಿ.”

ಈಗ ನಾನು ಪ್ಲಾಸ್ಟಿಕ್ ಲಕೋಟೆಯೊಳಗೆ ಗೋಡೆಗೆ ಅಂಟಿಕೊಂಡಿದ್ದೇನೆ. ಹೊಸಬರು ಬಂದರೆ ಹೃಷೀಕೇಶನೇ ಬೆರಳು ಮಾಡಿ, “ಇದು ನನ್ನ ಕೈಕೆಲಸ” ಎನ್ನುತ್ತಾನೆ. ಇಲ್ಲಿ ನನ್ನನ್ನು ಯಾವುದೂ ಒತ್ತುವುದಿಲ್ಲ, ಎಳೆಯುವುದಿಲ್ಲ. ಆದರೂ ಬೆಳಿಗ್ಗೆ ಪಂಪು ಶುರುವಾದ ಸದ್ದು ಕೇಳಿದರೆ ಸಾಕು, ಮೈಯೆಲ್ಲ ಸೆಟೆದುಕೊಳ್ಳುತ್ತದೆ.