ಅರ್ಧ ಗಂಟೆಯ ಕೆಲಸ

ಒಬ್ದುಲಿಯಾ ತಲೆಪಿನ್ನಿನ ತುದಿಯಿಂದ ಗಂಡನ ಉಗುರುಗಳ ಸಂದಿಯ ಮಣ್ಣು ಕೆರೆದು ತೆಗೆಯುತ್ತಿದ್ದಳು. ಶವಸಂಸ್ಕಾರದವರು ಫಿದೆನ್ಸಿಯೊನ ಮುಖಕ್ಕೆ ಪೌಡರ್ ಬಳಿದಿದ್ದರು, ತಲೆ ಬಾಚಿದ್ದರು, ಜೀವಮಾನದಲ್ಲಿ ಅವನು ಕಟ್ಟದ ಟೈ ಕಟ್ಟಿದ್ದರು. ಕೈಗಳನ್ನು ಮಾತ್ರ ಯಾರೂ ನೋಡಿರಲಿಲ್ಲ. ಬಲಗೈ ಮುಗಿಸಿ ಎಡಗೈ ಹಿಡಿದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ಮೌರೊ ಒಳಗೆ ಬಂದ. ಅವನ ಹಿಂದೆಯೇ ಇಬ್ಬರು ಆಳೆತ್ತರದ ಹೂಚಕ್ರವೊಂದನ್ನು ಹೊತ್ತು ತಂದರು. 'ನಿಮ್ಮ ಕಂಪನಿ ಕುಟುಂಬದಿಂದ' ಎಂದು ಅದರ ಪಟ್ಟಿಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಹ್ಯೂಸ್ಟನ್ ಹೊರವಲಯದ ಎಷ್ಟೋ ಬಡಾವಣೆಗಳಿಗೆ ಚರಂಡಿ ಪೈಪು ಹೂತ ಕಂಪನಿ ಅದು. ಹೂವಿಗೇನು ಬಡತನ!

"ಕೊಮಾದ್ರೆ, ಒಂದ್ನಿಮಿಷ," ಎಂದ ಮೌರೊ, ಟೋಪಿಯನ್ನು ಎದೆಗೆ ಒತ್ತಿಕೊಂಡು.

ಅವನು ಅವಳ ಮಗಳ ಧರ್ಮತಂದೆ. ಕೂಸಿನ ಹಣೆಗೆ ಚರ್ಚಿನಲ್ಲಿ ನೀರು ಬಿದ್ದ ದಿನದಿಂದ ಅವನೂ ಫಿದೆನ್ಸಿಯೊನೂ ಒಬ್ಬರಿಗೊಬ್ಬರು ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಒಡಹುಟ್ಟಿದವರ ಜೊತೆ ಬೇಕಾದರೆ ಜಗಳವಾಡಬಹುದು, ಕೊಂಪಾದ್ರೆಯ ಎದುರು ದನಿ ಎತ್ತುವಂತಿಲ್ಲ. ಗುಂಡಿ ಅಗೆಯುವ ತಂಡದಲ್ಲಿ ಮೌರೊ ಹೀಗೆ ಅರ್ಧ ಮಂದಿಯ ಮಕ್ಕಳಿಗೆ ಧರ್ಮತಂದೆಯಾಗಿದ್ದ. ಎಲ್ಲರೂ ಮೆಕ್ಸಿಕೊದ ಗೆರೇರೋ ಪ್ರಾಂತ್ಯದ ಒಂದೇ ಹಳ್ಳಿಯವರು, ಎಲ್ಲರನ್ನೂ ಕೆಲಸಕ್ಕೆ ಸೇರಿಸಿದವನು ಅವನೇ.

"ಸೋಮವಾರ ಸರ್ಕಾರದೋರು ವಿಚಾರಣೆಗೆ ಬರ್ತಾರಂತೆ. ಸಲಿಕೆ ಗುಂಡಿಗೆ ಬಿದ್ದಿತ್ತು, ತಗೊಳ್ಳೋಕೆ ತಾನೇ ಇಳಿದ, ಬೇಡ ಅಂದ್ರೂ ಕೇಳ್ಲಿಲ್ಲ ಅಂತ ಹೇಳ್ಬಿಡಿ. ಹುಡುಗರಿಗೂ ಹೇಳಿದೀನಿ."

"ಯಾರು ಬೇಡ ಅಂದಿದ್ದು?"

"ನೋಡಿ, ಸತ್ತೋನಿಗೆ ಇನ್ನೇನೂ ಆಗಲ್ಲ. ಕಂಪನಿ ಮುಚ್ಚಿದ್ರೆ ಬದುಕಿರೋರ ಹೊಟ್ಟೆ ಮೇಲೆ ಹೊಡೆತ ಬೀಳುತ್ತೆ. ಅವರ ಶಾಪ ನಿಮಗ್ಯಾಕೆ?"

ಒಬ್ದುಲಿಯಾ ಪಿನ್ನನ್ನು ಮತ್ತೆ ಗಂಡನ ಎಡಗೈ ಉಗುರಿಗಿಟ್ಟಳು. ಕೊಂದದ್ದು ಸಾಲದೆಂದು ಈಗ ಅವನನ್ನು ಹಟಮಾರಿಯನ್ನಾಗಿಯೂ, ಪೆದ್ದನನ್ನಾಗಿಯೂ ಮಾಡಿ ಹೂಳಬೇಕಂತೆ! ಗೋಡೆಗೊರಗಿ ನಿಂತಿದ್ದ ಮೈದುನ ಇಸಾಯಸ್‌ನ ಕಡೆ ನೋಡಿದಳು. ಪೈಪಿನ ಗುಂಡಿ ಅಣ್ಣನ ಮೇಲೆ ಕುಸಿದಾಗ ದಡದಲ್ಲೇ ಇದ್ದವನು ಅವನು. ಇಸಾಯಸ್ ತನ್ನ ಬೂಟುಗಳನ್ನು ನೋಡುತ್ತ ನಿಂತ.

* * *

ಫಿದೆನ್ಸಿಯೊ ಬದುಕಿದ್ದಾಗ, ಚರ್ಚಿನ ಸಭಾಂಗಣದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಕೆಲಸಗಾರರಿಗೆ ಸುರಕ್ಷತೆಯ ಪಾಠ ನಡೆಯುತ್ತಿತ್ತು. ನಡೆಸುತ್ತಿದ್ದವಳು ನೊಹೆಮಿ, ಛಾವಣಿ ಕೆಲಸದಲ್ಲಿ ತಮ್ಮನನ್ನು ಕಳೆದುಕೊಂಡವಳು. ಸುರಕ್ಷತಾ ಕಚೇರಿಯವರನ್ನೂ ಮೆಕ್ಸಿಕೊದ ದೂತಾವಾಸದವರನ್ನೂ ಕಾಡಿ ಬೇಡಿ ಅಲ್ಲಿಗೆ ಎಳೆದು ತಂದಿದ್ದಳು. ಎಲ್ಲ ಸ್ಪ್ಯಾನಿಷ್‌ನಲ್ಲೇ. ಮೊದಮೊದಲು ಗಂಡಸರು ಬರುತ್ತಿದ್ದದ್ದು ಅಲ್ಲಿ ಕೊಡುತ್ತಿದ್ದ ತಮಾಲೆ ಕಡುಬಿಗಾಗಿ. ಫಿದೆನ್ಸಿಯೊನೂ ಹಾಗೇ ಹೋದವನು. ಆದರೆ ಒಂದು ದಿನ ಮನೆಗೆ ಬಂದವನೇ ಅಲ್ಲಿ ಕೇಳಿದ್ದನ್ನು ಹೆಂಡತಿಗೆ ಹೇಳಿದ.

"ಎದೆಮಟ್ಟಕ್ಕಿಂತ ಆಳ ಅಗೆದ್ರೆ ಎರಡೂ ಪಕ್ಕ ಹಲಗೆ ಕೊಟ್ಟು ಅಡ್ಡಪಟ್ಟಿ ಹೊಡೀಬೇಕಂತೆ ಕಣೇ. ಇಲ್ದಿದ್ರೆ ಇಳಿಯಲ್ಲ ಅನ್ನೋ ಹಕ್ಕಿದೆಯಂತೆ."

"ಹಂಗಾದ್ರೆ ಮೌರೊಗೆ ಹೇಳು."

"ಕೊಂಪಾದ್ರೆಗೆ ಹೆಂಗೇ ಹೇಳೋದು? ನಿನ್ನ ಮೇಲೆ ನಂಬಿಕೆ ಇಲ್ಲ ಅಂದಂಗಾಗುತ್ತೆ."

"ಅವನ ಮರ್ಯಾದೆ ದೊಡ್ಡದೋ, ನಿನ್ನ ಜೀವ ದೊಡ್ಡದೋ?"

ಮುಂದಿನ ಭಾನುವಾರ ಮೌರೊನ ಹಿತ್ತಲಲ್ಲಿ ಮಾಂಸ ಸುಡುತ್ತಿದ್ದಾಗ, ತಂಡದ ಎಲ್ಲರೆದುರು ಫಿದೆನ್ಸಿಯೊ ಹಲಗೆಯ ವಿಷಯ ಕೇಳಿಯೇಬಿಟ್ಟ. ಮೌರೊ ಗಹಗಹಿಸಿ ನಕ್ಕ. "ಇದು ನೀನು ಕೇಳ್ತಿದೀಯೋ, ಕೊಮಾದ್ರೆ ಹೇಳ್ಕೊಟ್ಟು ಕಳಿಸಿದಾರೋ?" ಎಂದ. ಎಲ್ಲರೂ ನಕ್ಕರು. ಇಸಾಯಸ್ ಕೂಡ ನಕ್ಕ. ಆಮೇಲೆ ಮೌರೊ ಫಿದೆನ್ಸಿಯೊನ ಹೆಗಲಿಗೆ ಕೈ ಹಾಕಿ, "ಮಗಳ ಧರ್ಮತಂದೆ ನಿನ್ನ ಸಾಯೋಕೆ ಬಿಡ್ತಾನಾ?" ಎಂದು ಕೇಳಿದ. ಫಿದೆನ್ಸಿಯೊಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಮರುದಿನ ಗುಂಡಿಗಿಳಿದ. ಆಮೇಲೂ ದಿನಾ ಇಳಿದ, ಮಳೆ ಬಂದು ಬಿಟ್ಟ ಮಾರನೆಯ ದಿನವೂ ಇಳಿದ.

* * *

ಸ್ಮಶಾನದ ಗೇಟಿನ ಬಳಿ ನೊಹೆಮಿ ಕಾಯುತ್ತಿದ್ದಳು.

"ಸರ್ಕಾರದ ಪರಿಶೀಲಕರು ಕಂಪನಿಗೆ ಮಾತ್ರ ಅಲ್ಲ, ನಮ್ಮ ಚರ್ಚಿಗೂ ಬರ್ತಾರೆ," ಎಂದಳು ಒಬ್ದುಲಿಯಾಳ ಕೈ ಹಿಡಿದು. "ಒಪ್ಪಿಸಿದೀನಿ. ಯಾರ ವೀಸಾ ಕಾಗದಾನೂ ಕೇಳಲ್ಲ. ಆದ್ರೆ ಅಲ್ಲಿದ್ದೋರು ಯಾರಾದ್ರೂ ಬಾಯಿ ಬಿಡ್ಬೇಕಲ್ಲ? ಮೌರೊ ಬಾಡಿಗೆ ಕೊಡಿಸಿರೋ ಮನೇಲೇ ಎಲ್ಲರೂ ಇರೋದು."

ಒಬ್ದುಲಿಯಾ ತಲೆಯಾಡಿಸಿ ಮುಂದೆ ನಡೆದಳು. ಪೆಟ್ಟಿಗೆಯ ಹಿಂದೆ ತಂಡದವರು ತಲೆ ತಗ್ಗಿಸಿ ಬರುತ್ತಿದ್ದರು. ಮೌರೊ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಜೋರಾಗಿ ಜಪ ಹೇಳುತ್ತಿದ್ದ.

ಕುಣಿಯ ಅಂಚಿಗೆ ಬಂದಾಗ ಅವಳ ಕಾಲು ತಡೆಯಿತು. ಒಳಗೆ, ನಾಲ್ಕೂ ಪಕ್ಕ, ದಪ್ಪ ಹಲಗೆ ಕೊಟ್ಟಿದ್ದರು. ಹಲಗೆಯಿಂದ ಹಲಗೆಗೆ ಎರಡು ತುದಿಯಲ್ಲೂ ಅಡ್ಡಪಟ್ಟಿಗಳು, ಬಿಗಿಯಾಗಿ.

"ಇದೇನು?" ಎಂದು ಕೇಳಿದಳು.

ಕುಣಿ ತೋಡುವವನು ಎಲ್ ಸಾಲ್ವದೋರ್ ದೇಶದ ಮುದುಕ. ಸಲಿಕೆಯ ಮೇಲೆ ಭಾರ ಬಿಟ್ಟು ನಿಂತಿದ್ದ.

"ಮರಳು ಮಣ್ಣಲ್ವಾ ಅಮ್ಮ, ಜರಿದುಬಿಡುತ್ತೆ. ತಳ ಸಮ ಮಾಡೋಕೆ ನಾವು ಒಳಗಿಳೀಬೇಕು. ಹಲಗೆ ಇಲ್ದೆ ಇಳಿಯಂಗಿಲ್ಲ ಇಲ್ಲಿ."

"ಎಷ್ಟೊತ್ತು ಹಿಡಿಯುತ್ತೆ, ಹಲಗೆ ಕೊಡೋಕೆ?"

"ಅರ್ಧ ಗಂಟೆ. ಕೈ ಪಳಗಿದ್ರೆ ಅಷ್ಟೂ ಇಲ್ಲ."

ಪಾದ್ರಿಗಳು ಪುಸ್ತಕ ತೆರೆದವರು ಹಾಗೇ ನಿಂತರು. ಒಬ್ದುಲಿಯಾ ತಿರುಗಿದಳು.

"ಕೊಂಪಾದ್ರೆ, ಕೇಳಿಸ್ತಾ? ಅರ್ಧ ಗಂಟೆ ಅಂತೆ. ಹೆಣ ಇಳಿಸೋ ಗುಂಡಿಗೂ ಹಲಗೆ ಕೊಡ್ತಾರಂತೆ. ನನ್ನ ಗಂಡ ಉಸಿರಾಡ್ತಿದ್ದನಲ್ಲ, ಅವನಿಗ್ಯಾಕೆ ಕೊಡ್ಲಿಲ್ಲ ನೀವು?"

"ಕೊಮಾದ್ರೆ, ದುಃಖದಲ್ಲಿ ಏನೇನೋ... ಬೇಡ ಅಂದ್ರೂ ಅವನೇ ತಾನೇ..."

"ಬೊಗಳಬೇಡ!"

ಕೂಗಿದವನು ಇಸಾಯಸ್. "ಸಲಿಕೆ ಅಣ್ಣನ ಕೈಯಲ್ಲೇ ಇತ್ತು. ನೆನ್ನೆ ಮಳೆ ಬಂದಿದೆ, ಇವತ್ತು ಬೇಡ ಅಂದ. ಇಳೀತೀಯೋ, ಇಲ್ಲ ಮನೆಗೆ ಹೋಗ್ತೀಯೋ ಅಂದೋನು ನೀನು. ಅತ್ತಿಗೆ, ನಾನು ಬರ್ತೀನಿ ಸೋಮವಾರ. ಬಂದು ಹೇಳ್ತೀನಿ."

ಮೌರೊ ತಂಡದವರ ಕಡೆ ನೋಡಿದ. ಯಾರೂ ಕಣ್ಣು ತಗ್ಗಿಸಲಿಲ್ಲ. ಪಾದ್ರಿಗಳು ಉಳಿದ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ತಳ ಮುಟ್ಟಿತು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿ ಸರಿದರು.

ಮುದುಕ ಎಲ್ಲರನ್ನೂ ಹಿಂದಕ್ಕೆ ನಿಲ್ಲಿಸಿ ಅಡ್ಡಪಟ್ಟಿಗಳನ್ನು ಬಿಚ್ಚಿದ. ಸಹಾಯಕ್ಕೆ ಇನ್ನೊಬ್ಬನನ್ನು ಕರೆದು, ಒಂದೊಂದಾಗಿ ಹಲಗೆಗಳನ್ನು ಮೇಲಕ್ಕೆಳೆದ. ಕೊನೆಯ ಹಲಗೆ ಹೊರಬಂದದ್ದೇ ತಡ, ಎರಡೂ ಪಕ್ಕದ ಮಣ್ಣು ಒಮ್ಮೆಲೇ ಧೊಪ್ಪನೆ ಕುಸಿಯಿತು. ಯಾರೂ ಇನ್ನೂ ಸಲಿಕೆ ಎತ್ತಿರಲಿಲ್ಲ. ಪೆಟ್ಟಿಗೆ ಎಲ್ಲಿತ್ತೆಂದೂ ಕಾಣಲಿಲ್ಲ.