ಚೂರಾಗದ ಪ್ರೋಟೀನ್

ಅಣ್ಣನ ಮಗಳ ಮದುವೆಗೆ ಅವಳು ಹೋಗಲಿಲ್ಲ. ಹೋಗುವ ಮನಸ್ಸಿತ್ತು. ಆದರೆ ಅಷ್ಟರಲ್ಲಿ ಲ್ಯಾಬಿನಲ್ಲಿ, ಪತಂಗದ ಜೀವಕೋಶಗಳಿದ್ದ ಫ್ಲಾಸ್ಕುಗಳಿಗೆ ವೈರಸ್ ಹಾಕಿಯಾಗಿತ್ತು. ಕೀಟಗಳಿಗಷ್ಟೇ ತಗಲುವ ಬ್ಯಾಕ್ಯುಲೋವೈರಸ್ ಅದು. ರಕ್ತಪರೀಕ್ಷೆಯೊಂದಕ್ಕೆ ಬೇಕಾದ ಪ್ರೋಟೀನಿನ ಜೀನನ್ನು ಅದರೊಳಗೆ ಸೇರಿಸಿದ್ದಳು. ಕೋಶಗಳು ಸಾಯುವ ಮೊದಲು ಆ ಪ್ರೋಟೀನನ್ನು ತಯಾರಿಸಿ ಕೊಡಬೇಕು. ಜೊತೆಗಿದ್ದ ಸಹಾಯಕಿ ಕೆಲಸ ಬಿಟ್ಟ ಮೇಲೆ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಒಂದಿನ ಬಿಟ್ಟು ಬಂದ್ರೆ ಆಕಾಶ ಕಳಚಿ ಬೀಳುತ್ತಾ?" ಅಣ್ಣ ಫೋನಿನಲ್ಲಿ ರೇಗಿದ.

"ವೈರಸ್ ಹಾಕಿಬಿಟ್ಟಿದೀನಿ ಅಣ್ಣಾ. ಈಗ ಬಂದ್ರೆ ಎಲ್ಲಾ ಮಣ್ಣುಪಾಲು."

"ಆಯ್ತು ಬಿಡು. ನಿನಗೆ ಆ ಹುಳಗಳೇ ನೆಂಟರು."

ಆಮೇಲೆ ಅವನು ಫೋನ್ ಮಾಡಲೇ ಇಲ್ಲ.

ಇಷ್ಟಾಗಿಯೂ ಸಿಕ್ಕಿದ್ದು ಚೂರುಚೂರಾದ ಪ್ರೋಟೀನ್. ಇನ್ನಷ್ಟು ಬರಲಿ ಎಂಬ ಆಸೆಯಿಂದ ಕಾದದ್ದೇ ತಪ್ಪಾಗಿತ್ತು. ಕೋಶಗಳು ಒಡೆದು, ಅವುಗಳೊಳಗಿನ ಕಿಣ್ವಗಳೇ ಅದನ್ನು ಕತ್ತರಿಸಿಹಾಕಿದ್ದವು. ಮತ್ತೆ ಮೊದಲಿನಿಂದ ಶುರುಮಾಡಿದಳು. ಚುರುಕಾಗಿ ಬೆಳೆಯುತ್ತಿದ್ದ ಕೋಶಗಳನ್ನೇ ಆರಿಸಿದಳು, ವೈರಸ್ ಕಡಿಮೆ ಹಾಕಿದಳು, ಕೋಶಗಳು ಒಡೆಯುವ ಮುಂಚೆಯೇ ಫ್ಲಾಸ್ಕುಗಳನ್ನು ಇಳಿಸಿ ಪ್ರೋಟೀನ್ ತೆಗೆದಳು. ಹಲವು ತಿಂಗಳ ಬಳಿಕ ಒಂದು ಮಧ್ಯಾಹ್ನ, ಪ್ರೋಟೀನನ್ನು ಪರೀಕ್ಷಿಸುವ ಜೆಲ್ ಮೇಲೆ ದಟ್ಟ ನೀಲಿಯ ಒಂದೇ ಗೆರೆ ಮೂಡಿತು: ಚೂರಾಗದ, ಇಡೀ ಪ್ರೋಟೀನ್.

"ಬಂತು!" ಎಂದಳು ಜೋರಾಗಿ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಕೋಟು ಬಿಚ್ಚಿಟ್ಟು, ಬಸ್ಸು ಹತ್ತಿ, ಅಣ್ಣನ ಮಗಳ ಹೊಸ ಮನೆಗೆ ಹೋದಳು. ಹುಡುಗಿ ಬಾಗಿಲು ತೆರೆದಾಗ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬೀಗ.

"ಅತ್ತೆ! ಒಂದು ಫೋನ್ ಮಾಡಬಾರದಿತ್ತಾ? ಈಗ ಹೊರಟಿದ್ವಿ."

"ಸುಮ್ಮನೆ, ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

ಒಳಗಿನಿಂದ ಅವಳ ಗಂಡ ಕೂಗಿದ, "ಯಾರು?"

"ನಮ್ಮತ್ತೆ. ಮದುವೆಗೆ ಬಂದಿರಲಿಲ್ಲವಲ್ಲ, ಅವರು."

ನೀಲಿ ಗೆರೆಯ ಸುದ್ದಿ ನಾಲಿಗೆಯ ತುದಿಯಲ್ಲೇ ಉಳಿಯಿತು. ಕೊಟ್ಟ ನೀರನ್ನು ನಿಂತೇ ಕುಡಿದಳು.

"ಭಾನುವಾರ ಬನ್ನಿ ಅತ್ತೆ. ಕೂತು ಮಾತಾಡೋಣ."

ನಾಳೆ ಮುಂದಿನ ಫ್ಲಾಸ್ಕುಗಳಿಗೆ ವೈರಸ್ ಹಾಕಿದರೆ, ಭಾನುವಾರವೇ ಅವನ್ನು ಇಳಿಸಬೇಕಾಗುತ್ತಿತ್ತು. ಆದರೂ "ಬರ್ತೀನಿ" ಎಂದುಬಿಟ್ಟಳು.

ಮರುದಿನ ಕೋಶಗಳಿಗೆ ಹೊಸ ಪೋಷಕ ದ್ರವವನ್ನಷ್ಟೇ ಹಾಕಿದಳು, ವೈರಸ್ ಮುಟ್ಟಲಿಲ್ಲ. ಭಾನುವಾರ ಹೊರಡುವ ಮುಂಚೆ ಫೋನ್ ಮಾಡಿದಳು.

"ಬನ್ನಿ ಅತ್ತೆ," ಎಂದಳು ಹುಡುಗಿ. "ಅಪ್ಪನೂ ಬಂದಿದಾರೆ."

ಫೋನಿಟ್ಟು, ಮಂಚದ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದು, ಆಮೇಲೆ ಎದ್ದು ಹೊರಬಂದು, ಬಾಗಿಲು ಎಳೆದುಕೊಂಡು ಬಸ್ ಸ್ಟಾಪಿನತ್ತ ನಡೆದಳು.