ಆದ್ಯತೆ ಸಿಕ್ಕ ಬಸ್ಸು

ನನ್ನ ಗಂಡ ರಾಮಮೋಹನ್‌ಗೆ ಕೋಪವೇ ಬರುವುದಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಮಾಡಿಕೊಳ್ಳುತ್ತೇನೆ. ವಿಶಾಖಪಟ್ಟಣದ ಪ್ರಾದೇಶಿಕ ಸಾರಿಗೆ ಯೋಜನೆಯ ಕಚೇರಿಯಲ್ಲಿ ಅವರು ಪ್ಲ್ಯಾನರ್. ಯಾವ ಊರಿಗೆ ಯಾವ ಬಸ್ಸು, ಯಾವ ರಸ್ತೆ ಮೊದಲು, ಯಾವುದು ಆಮೇಲೆ ಎಂದು ಐದು ವರ್ಷದ ಕಾರ್ಯಕ್ರಮ ಬರೆಯುವುದು ಅವರ ಕೆಲಸ. ಬರೆದದ್ದನ್ನು ತಿದ್ದುವುದು ಅದಕ್ಕಿಂತ ದೊಡ್ಡ ಕೆಲಸ. ಆದ್ಯತೆ ಬದಲಾಯಿತು ಎಂದು ವಿಜಯವಾಡದ ಮುಖ್ಯ ಕಚೇರಿಯಿಂದ ಒಂದು ಮಾತು ಬಂದರೆ ಸಾಕು, ಎಲ್ಲ ಮೊದಲಿನಿಂದ ಶುರು. ಒಂದು ಸಲ ಕಾರ್ಖಾನೆ, ಒಂದು ಸಲ ಬಂದರು, ಇನ್ನೊಂದು ಸಲ ಮೆಟ್ರೊ. "ಅಡುಗೆ ಮುಗಿಯೋ ಹೊತ್ತಿಗೆ ನೆಂಟರೇ ಬದಲಾಗಿರ್ತಾರಲ್ಲ ರೀ ನಿಮಗೆ" ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು.

ಆ ನಗು ನಿಂತಿದ್ದು ಮಾನಸಳ ಬಸ್ಸಿನ ವಿಷಯಕ್ಕೆ.

ಮಾನಸ ನನ್ನ ಚಿಕ್ಕಮ್ಮ ಪುಟ್ಟಮ್ಮನ ಮಗಳು. ಚಿಕ್ಕಪ್ಪ ಮಂಡ್ಯದ ಕಡೆಯವರು, ನೇವಿಯಲ್ಲಿ ಅಡುಗೆಯವರಾಗಿದ್ದರು. ನಿವೃತ್ತಿಯಾದ ಮೇಲೆ ನಮ್ಮ ಊರಿನಂಚಿನ ಗಾಜುವಾಕದಿಂದ ಆಚೆ, ಕಡಲಿಗೆ ಹೋಗುವ ರಸ್ತೆಯ ಮಗ್ಗುಲಿನ ಕಾಲನಿಯಲ್ಲಿ ಮನೆ ಕಟ್ಟಿಸಿದರು. ಎರಡು ಬೇಸಿಗೆ ಕಳೆಯುವುದರೊಳಗೆ ತೀರಿಕೊಂಡರು. ಮಾನಸಳಿಗೆ ಇಪ್ಪತ್ತು ದಾಟಿದೆ, ಬುದ್ಧಿ ಮಾತ್ರ ಮಗುವಿನದು. ಸಿಂಹಾಚಲಂ ಬೆಟ್ಟದ ಕೆಳಗೆ ಅವಳಂಥವರಿಗೆ ಬಟ್ಟೆಯ ಚೀಲ ಹೊಲಿಯಲು ಕಲಿಸುವ ಒಂದು ಕೇಂದ್ರವಿದೆ. ಅಲ್ಲಿಗೆ ಕಾಲನಿಯಿಂದ ಇದ್ದದ್ದು ಒಂದೇ ಬಸ್ಸು, ಬೆಳಿಗ್ಗೆ ಹೋಗಿ ಸಂಜೆ ಬರುವಂಥದ್ದು. ಮುಂದಿನ ಗಾಜಿನ ಮೇಲೆ ಆ ಬೆಟ್ಟದ ದೇವರು ಸಿಂಹಾದ್ರಿ ಅಪ್ಪನ್ನನ ಚಿತ್ರ, ಹಿಂದೆಲ್ಲ ತುಕ್ಕು.

ಆ ಬಸ್ಸನ್ನು ಒಬ್ಬಳೇ ಹತ್ತಿ ಇಳಿಯುವುದನ್ನು ಮಗಳಿಗೆ ಕಲಿಸಲು ಚಿಕ್ಕಮ್ಮನಿಗೆ ವರ್ಷ ಹಿಡಿಯಿತು. ಮೊದಲು ಪಕ್ಕದಲ್ಲಿ ಕೂತರು. ಆಮೇಲೆ ಹಿಂದಿನ ಸೀಟಿನಲ್ಲಿ. ಆಮೇಲೆ ಒಂದು ಸ್ಟಾಪು ಮೊದಲೇ ಇಳಿದು, ಸೆರಗು ಬಾಯಿಗೆ ಒತ್ತಿಕೊಂಡು, ಮಂಡಿನೋವಿನ ಕಾಲಲ್ಲಿ ಬಸ್ಸಿನ ಹಿಂದೆ ನಡೆದರು. ಮಾನಸ ಒಬ್ಬಳೇ ಹೋಗಿ ಒಬ್ಬಳೇ ಬಂದ ದಿನ ಚಿಕ್ಕಮ್ಮ ಬೀದಿಗೆಲ್ಲ ಒಬ್ಬಟ್ಟು ಹಂಚಿದರು. "ನಾನು ಕಣ್ಮುಚ್ಚುದ್ರೂ ಮಗ ದಿನಾ ಒಂದ್ ಕಡೆ ಹೋಗ್‌ಬರ್ತಾಳೆ ಕನವ್ವಾ, ಇನ್ನೇನ್ ಬೇಕು?" ಎಂದು ನನ್ನ ಕೈ ಹಿಡಿದು ಅತ್ತರು. ನಾನೂ ಅತ್ತೆ.

ಆಟೊ ಮಾಡಬಹುದಲ್ಲ ಎನ್ನುವವರಿದ್ದಾರೆ. ಅಂಥ ಹುಡುಗಿಯನ್ನು ದಿನ ಬೆಳಗಾದರೆ ಯಾವ ಆಟೊದವನ ಕೈಗೆ ಒಪ್ಪಿಸುತ್ತೀರಿ, ನೀವೇ ಹೇಳಿ.

ಹೋದ ವರ್ಷ ಮತ್ತೆ ಆದ್ಯತೆ ಬದಲಾಯಿತು. ಈ ಸಲ ಪ್ರವಾಸೋದ್ಯಮ. ಕಡಲತೀರ, ತೀರ್ಥಯಾತ್ರೆ ಇವಕ್ಕೆ ಸಂಬಂಧವಿಲ್ಲದ್ದನ್ನೆಲ್ಲ ಎರಡನೇ ಹಂತಕ್ಕೆ ತಳ್ಳಿ ಎಂಬ ಆಜ್ಞೆ. ಕಾಲನಿ ಬಸ್ಸೂ ಅದರಲ್ಲಿತ್ತು. ರಾಮಮೋಹನ್ ಊಟದ ತಟ್ಟೆಯ ಮುಂದೆ ಕೂತು ಹೇಳಿದರು.

"ನಮ್ಮಲ್ಲಿ ಯಾವುದನ್ನೂ ಬೇಡ ಅನ್ನೋದಿಲ್ಲ ನಮ್ರತಾ. ಎರಡನೇ ಹಂತಕ್ಕೆ ಹಾಕ್ತಾರೆ, ಅಷ್ಟೇ."

"ಎರಡನೇ ಹಂತದಿಂದ ವಾಪಸ್ ಬಂದಿರೋ ಒಂದೇ ಒಂದು ಬಸ್ಸು ತೋರಿಸಿ ನನಗೆ" ಎಂದೆ.

ಅವರು ಒಂದು ವಾರ ಮಂಕಾಗಿದ್ದರು. ಆಮೇಲೆ ಒಂದು ಸಂಜೆ ಕಣ್ಣರಳಿಸಿಕೊಂಡು ಬಂದರು. ಅವರ ಕಚೇರಿಯಲ್ಲಿ ಎಲ್ಲರೂ ಮಾಡುವ ಒಂದು ಉಪಾಯವಿದೆ: ಉಳಿಸಿಕೊಳ್ಳಬೇಕಾದ ಕೆಲಸಕ್ಕೆ ಈ ವರ್ಷದ ಆದ್ಯತೆಯ ಬಟ್ಟೆ ತೊಡಿಸುವುದು. ಮೆಟ್ರೊ ಕಾಲದಲ್ಲಿ ಚರಂಡಿಯನ್ನೂ ಮೆಟ್ರೊ ಹೆಸರಲ್ಲೇ ತೋಡಿಸಿದ್ದರಂತೆ. "ಕಾಲನಿ ರಸ್ತೆ ಎಲ್ಲಿಂದ ಬರುತ್ತೆ? ಕಡಲಿಂದ. ಬಸ್ಸು ಎಲ್ಲಿಗೆ ಹೋಗುತ್ತೆ? ಸಿಂಹಾಚಲಕ್ಕೆ. ಕಡಲಿಂದ ಬೆಟ್ಟಕ್ಕೆ ಯಾತ್ರಾ ಮಾರ್ಗ ಅಂತ ಬರೀತೀನಿ. ಯಾರು ಬೇಡ ಅಂತಾರೆ?" ಅವರ ಜಾಣತನ ಕಂಡು ನಾನು ಹಿಗ್ಗಿದೆ. ಎದ್ದು ಹೋಗಿ ಕಾಫಿ ಮಾಡಿ ಕೊಟ್ಟೆ.

ವಿಜಯವಾಡಕ್ಕೆ ನಾನೂ ಹೋದೆ. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿದ್ದೆ. ಇವರು ಹೆದರಿ ಸುಮ್ಮನಾಗಿಬಿಟ್ಟರೆ ಎಂಬ ಭಯ ನನಗೆ. ದೊಡ್ಡ ಅಧಿಕಾರಿ ಕಾಮೇಶ್ವರ ಗಾರು ಯಾರನ್ನೋ ಎದುರುಗೊಳ್ಳಲು ಗನ್ನವರಂ ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಊಟದ ಹೊತ್ತು ಮೀರಿದ ಮೇಲೆ ಬಂದರು. ನಾನು ಹೊರಗಿನ ಬೆಂಚಿನ ಮೇಲೆ ಬೆವರುತ್ತ ಕೂತಿದ್ದೆ, ಕೋಣೆಯ ಬಾಗಿಲು ತೆರೆದೇ ಇತ್ತು.

"ಕಡಲಲ್ಲಿ ಸ್ನಾನ, ಬೆಟ್ಟದಲ್ಲಿ ದರ್ಶನ! ಚಾಲಾ ಬಾಗುಂದಿ ರಾಮಮೋಹನ್ ಗಾರೂ" ಎಂದರು ಕಾಮೇಶ್ವರ. "ಆದರೆ ಡಬ್ಬಾ ಬಸ್ಸು ಯಾಕೆ? ಎಲೆಕ್ಟ್ರಿಕ್ ಇರಲಿ, ಎ.ಸಿ. ಇರಲಿ. ನಡುವೆ ಹೆಚ್ಚು ನಿಲ್ಲಿಸಬೇಡಿ, ಪ್ರವಾಸಿಗಳಿಗೆ ಬೇಜಾರಾಗುತ್ತೆ."

"ಸರ್, ಕಾಲನಿ ಹತ್ತಿರ ಒಂದು ಸ್ಟಾಪ್..."

"ಅದು ಚಿಕ್ಕ ವಿಷಯ, ಆಮೇಲೆ ಸೇರಿಸೋಣ."

ಚಿಕ್ಕ ವಿಷಯ ತಾನೇ, ಆಗುತ್ತದೆ ಎಂದುಕೊಂಡೆವು. ವಾಪಸ್ ರೈಲಿನಲ್ಲಿ ರಾಮಮೋಹನ್ ಕಿಟಕಿಯ ಹತ್ತಿರ ಕೂತು ಶಿಳ್ಳೆ ಹಾಕಿದರು. ಮದುವೆಯಾದಾಗಿನಿಂದ ಅವರು ಶಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

ಬಸ್ಸು ಬಂತು. ಉದ್ಘಾಟನೆಯ ದಿನ ಚಿಕ್ಕಮ್ಮ ಮಗಳಿಗೆ ಹೊಸ ಚೂಡಿದಾರ್ ತೊಡಿಸಿ, ಮಲ್ಲಿಗೆ ಮುಡಿಸಿ ರಸ್ತೆಗೆ ಕರೆತಂದಿದ್ದರು. ನೀಲಿ ಗಾಜಿನ ದೊಡ್ಡ ಬಸ್ಸು ಚೆಂಡುಹೂವಿನ ಹಾರ ಹಾಕಿಕೊಂಡು ನಮ್ಮ ಮುಂದೆಯೇ ಹೋಯಿತು. ನಿಲ್ಲಲಿಲ್ಲ. ಒಳಗೆ ಅರ್ಧಕ್ಕರ್ಧ ಸೀಟು ಖಾಲಿ. ಮಾನಸ ಅದರ ಕಡೆ ನೋಡಲೂ ಇಲ್ಲ, ಅವಳು ಕಾಯುತ್ತಿದ್ದದ್ದು ಅಪ್ಪನ್ನನ ಬಸ್ಸಿಗೆ. ಅದು ಬರಲೇ ಇಲ್ಲ.

ಒಂದೇ ದಾರಿಗೆ ಎರಡು ಸೇವೆ ಬೇಡ ಎಂದು ಕಾರ್ಯಕ್ರಮದಲ್ಲೇ ಇದೆಯಲ್ಲ, ಅದಕ್ಕೇ ಹಳೆಯದನ್ನು ತೆಗೆದೆವು ಎಂದು ಡಿಪೊದವರು ಬಹಳ ಮರ್ಯಾದೆಯಿಂದ ಹೇಳಿದರು. ಆ ಸಾಲನ್ನು ಬರೆದವರು ನನ್ನ ಗಂಡನೇ, ಯಾವುದೋ ಹಿಂದಿನ ಆದ್ಯತೆಯ ಕಾಲದಲ್ಲಿ. ಅವತ್ತು ನಾನು ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದಷ್ಟೂ ನನಗೆ ಅಳು ಬರುತ್ತಿತ್ತು. ನಾನೂ ಕಾಫಿ ಮಾಡಿ ಕೊಟ್ಟವಳೇ ತಾನೇ.

ಮಾನಸ ದಿನವೂ ಹೋಗಿ ನಿಂತಳು. ಬಿಸಿಲು ನೆತ್ತಿಗೆ ಬಂದರೂ ಕದಲುತ್ತಿರಲಿಲ್ಲ. ಎಳೆದರೆ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುವಳು. ನಾನು ರಜೆ ಹಾಕಿ ಗಾಜುವಾಕದಲ್ಲಿ ಬೇರೆ ಬಸ್ಸಿಗೆ ಹತ್ತಿಸಲು ನೋಡಿದೆ, ಕಿರುಚಿ ಕಿರುಚಿ ನೆಲಕ್ಕೆ ಬಿದ್ದಳು. ಜನ ಸುತ್ತುಗಟ್ಟಿದರು. ರಾಮಮೋಹನ್ ಸ್ಕೂಟರಿನಲ್ಲಿ ಕೂರಿಸಲು ಹೋದರೆ ಮೂತ್ರ ಮಾಡಿಕೊಂಡಳು. ಕೇಂದ್ರದವರು ಸ್ವಲ್ಪ ದಿನ ಕಾದು, ಅವಳ ಹೊಲಿಗೆ ಮೆಷಿನ್ನನ್ನು ಇನ್ನೊಂದು ಹುಡುಗಿಗೆ ಕೊಟ್ಟರು.

ಕೊನೆಗೆ ಚಿಕ್ಕಮ್ಮನಿಗೆ ಬೇರೆ ದಾರಿ ಕಾಣಲಿಲ್ಲ. ಒಂದು ಬೆಳಿಗ್ಗೆ ರಸ್ತೆಯ ಬದಿಯಲ್ಲೇ ಮಗಳ ಪಕ್ಕ ಕೂತು, "ಬಸ್ಸು ಸತ್ತೋಯ್ತು ಕನ್ ಮಗ" ಎಂದುಬಿಟ್ಟರು. ಸಾವು ಎಂದರೆ ಏನೆಂದು ಮಾನಸಳಿಗೆ ಗೊತ್ತು, ಅಪ್ಪನನ್ನು ಕಂಡಿದ್ದಾಳೆ. ಅಪ್ಪನಿಗೆ ಅತ್ತ ಹಾಗೆಯೇ ಅತ್ತಳು. ಊಟ ಬಿಟ್ಟಳು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಬಸ್ಸು ಎಂಬ ಮಾತೇ ಅವಳ ಬಾಯಿಂದ ಹೋಯಿತು. ಅದರ ಜೊತೆ ಇನ್ನೂ ಎಷ್ಟೋ ಮಾತು ಹೋದವು.

ರಾಮಮೋಹನ್ ಮಾತ್ರ ಬಿಡಲಿಲ್ಲ. ವಿಜಯವಾಡಕ್ಕೆ ಹೋದರು, ಬಂದರು, ಮತ್ತೆ ಹೋದರು. ಕಾಮೇಶ್ವರ ಗಾರು ಮೇಜು ಗುದ್ದುವ ಮಟ್ಟಿಗೆ ಇವರು ಜಗಳವಾಡಿದರಂತೆ. ಅದರಿಂದ ಏನೂ ಆಗಲಿಲ್ಲ. ಆದದ್ದು ಬೇರೆಯದೇ ಕಾರಣಕ್ಕೆ. ಸ್ಥಳೀಯ ಚುನಾವಣೆಯ ಮಾತು ಎದ್ದಿತು, ಆದ್ಯತೆ ಮತ್ತೆ ಬದಲಾಯಿತು, ಈ ಸಲ ಬಡಾವಣೆ ಕಾಲನಿಗಳಿಗೆ ಸಾರಿಗೆ. ಹಳೆಯ ಬಸ್ಸಿಗೆ ಬಣ್ಣ ಬಳಿದು, ಅಪ್ಪನ್ನನ ಚಿತ್ರವನ್ನೂ ಉಳಿಸಿ, ಅದೇ ದಾರಿಗೆ ಬಿಡಲು ಅಪ್ಪಣೆಯಾಯಿತು.

ಅವತ್ತು ರಾಮಮೋಹನ್ ಕಚೇರಿಯಿಂದ ನೇರವಾಗಿ ಬಂದು ನನ್ನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಕಾಲನಿಗೆ ಓಡಿಸಿದರು. ಚಿಕ್ಕಮ್ಮ ಜಗಲಿಯಲ್ಲಿ ಮಗಳ ತಲೆ ಬಾಚುತ್ತಿದ್ದರು. ಮಾನಸ ದಪ್ಪಗಾಗಿದ್ದಳು. ನಮ್ಮನ್ನು ನೋಡಿಯೂ ನೋಡದವಳಂತೆ ಕೂತಿದ್ದಳು.

"ಅತ್ತಯ್ಯಾ, ಬಸ್ಸು ಬರ್ತಾ ಇದೆ! ಸೋಮವಾರದಿಂದ. ಅದೇ ಬಸ್ಸು!" ಎಂದರು ರಾಮಮೋಹನ್.

ಚಿಕ್ಕಮ್ಮ ಥಟ್ಟನೆ ಎರಡು ಕೈಯಿಂದ ಮಗಳ ಕಿವಿ ಮುಚ್ಚಿದರು. ಬಾಚಣಿಗೆ ಕೆಳಗೆ ಬಿತ್ತು.

"ಮೆಲ್ಲಗೆ ಮಾತಾಡಿ ಅಳಿಯಂದ್ರೇ. ನಿಮ್ ದಮ್ಮಯ್ಯ, ಅದ್ನ ಇವಳ ಮುಂದೆ ಅನ್‌ಬೇಡಿ."

"ಚಿಕ್ಕಮ್ಮ, ನಿಜವಾಗ್ಲೂ ಬರುತ್ತೆ. ಇನ್ನೊಂದು ಸಲ ಕಲಿಸೋಣ, ನಾನೂ ಜೊತೆಗಿರ್ತೀನಿ" ಎಂದೆ.

"ಸತ್ತೋಯ್ತು ಅಂತ ಹೇಳಿ ಅಳ್ಸಿವ್ನಿ ಕನವ್ವಾ. ಈಗ ಬದುಕ್ಬಂತು ಅಂತ ಎಂಗ್ ಹೇಳ್ಲಿ?" ಮಗಳ ಕಿವಿ ಮುಚ್ಚಿದ ಕೈಯನ್ನು ಅವರು ಇನ್ನೂ ಬಿಗಿ ಮಾಡಿದರು. "ಬಸ್ಸು ಬಂತಲ್ಲ, ಅಪ್ಪ ಯಾವತ್ ಬರ್ತಾನೆ ಅಂತ ಕೇಳುದ್ರೆ ನಾನೇನ್ ಮಾಡ್ಲಿ?"

ರಾಮಮೋಹನ್ ಬಾಚಣಿಗೆ ಎತ್ತಿ ಜಗಲಿಯ ಮೇಲಿಟ್ಟರು. ನಾವು ಕತ್ತಲಾಗುವ ಮೊದಲೇ ಹೊರಟೆವು.

ಸೋಮವಾರದಿಂದ ಬಸ್ಸು ಓಡುತ್ತಿದೆ. ಅದು ಬರುವ ಹೊತ್ತಿಗೆ ಚಿಕ್ಕಮ್ಮ ದಿನವೂ ಕಿಟಕಿ ಬಾಗಿಲು ಹಾಕಿ, ಟಿವಿ ಜೋರು ಮಾಡುತ್ತಾರೆ.